ವಾರದ ಟೈಂಟೇಬಲ್ ನಿದ್ದೆಯಿಂದ ಆರಂಭವಾಗಲಿ

ಪರೀಕ್ಷೆ ಹತ್ತಿರ ಬಂತೆಂದರೆ "ಓದಿದ್ದು ತಲೆಗೆ ಹತ್ತುತ್ತಿಲ್ಲವಂತೆ ಡಾಕ್ಟ್ರೇ, ಒಂದು ಟಾನಿಕ್ ಬರೆದುಕೊಡಿ" ಎಂದು ಮಕ್ಕಳನ್ನು ಕರೆತರುವ ತಂದೆತಾಯಿಯರು ಹೆಚ್ಚುತ್ತಾರೆ. ಏಕಾಗ್ರತೆ ತಂದುಕೊಡುವ ಟಾನಿಕ್ ಯಾವುದೂ ಇಲ್ಲ. ಆದರೆ ಆ ಮಕ್ಕಳ ಟೈಂಟೇಬಲ್ ನೋಡಿದರೆ ಅನೇಕ ಸಲ ಕಾರಣ ಅಲ್ಲಿಯೇ ಸಿಗುತ್ತದೆ. ಬೆಳಗಿನ 4ರಿಂದ ರಾತ್ರಿ 11ರವರೆಗೆ ಓದು, ಶಾಲೆ, ಟ್ಯೂಷನ್ ಎಲ್ಲಕ್ಕೂ ಜಾಗವಿರುತ್ತದೆ. ನಿದ್ದೆಗೆ ಸಿಗುವುದು ಇವೆಲ್ಲ ಮುಗಿದು ಉಳಿದ ಸಮಯ ಮಾತ್ರ.

ವಾರದ ಯೋಜನೆಯಲ್ಲಿ ಮೊದಲು ಬರೆಯಬೇಕಾದದ್ದು ನಿದ್ದೆಯನ್ನು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದಕ್ಕೆ ನಿದ್ದೆ ಅವಶ್ಯಕ. ನಿದ್ದೆಗೆಟ್ಟು ಓದುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ.

ಎರಡನೆಯದು, ಭಾನುವಾರ. ನಮ್ಮ ಮಿದುಳಿನಲ್ಲಿ ಒಂದು ಜೈವಿಕ ಗಡಿಯಾರವಿದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಪ್ರತಿದಿನ ಸರಿಹೊಂದಿಕೊಳ್ಳುತ್ತದೆ. ವಾರವಿಡೀ 6ಕ್ಕೆ ಏಳುವವರು ಶನಿವಾರ ನಡುರಾತ್ರಿಯವರೆಗೆ ಟಿ.ವಿ., ಮೊಬೈಲ್ ನೋಡಿ ಭಾನುವಾರ 10ಕ್ಕೆ ಎದ್ದರೆ ಈ ಗಡಿಯಾರ ಹಿಂದೆ ಬೀಳುತ್ತದೆ. ಆ ರಾತ್ರಿ ಬೇಗ ನಿದ್ದೆ ಹತ್ತದು, ಸೋಮವಾರ ತರಗತಿಯಲ್ಲಿ ತೂಕಡಿಕೆ ತಪ್ಪದು. ಜರ್ಮನಿಯ ವಿಜ್ಞಾನಿಗಳು 2006ರಲ್ಲಿ ಇದನ್ನು 'ಸೋಷಿಯಲ್ ಜೆಟ್‌ಲ್ಯಾಗ್' ಎಂದು ಕರೆದರು. ರಜೆಯ ದಿನವೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಹಿಂದೆಮುಂದೆ ಆಗದಿರಲಿ.

ಇನ್ನು ಓದಿನ ವಿಷಯ. ಕಠಿಣ ಪಾಠಗಳನ್ನು ಮನಸ್ಸು ಚುರುಕಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಓದಿದ ಮೇಲೆ ಎದ್ದು ಹತ್ತು ನಿಮಿಷ ಓಡಾಡಿ. ಕಲಿತದ್ದರಲ್ಲಿ ಹೆಚ್ಚಿನ ಭಾಗ ಮೊದಲ ದಿನದಲ್ಲೇ ಮರೆತುಹೋಗುತ್ತದೆ ಎಂಬುದನ್ನು ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾನೆ. ಆದ್ದರಿಂದ ಇಂದು ಓದಿದ್ದನ್ನು ನಾಳೆ ಒಮ್ಮೆ, ವಾರದ ಕೊನೆಗೆ ಇನ್ನೊಮ್ಮೆ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು. ವಾರದಲ್ಲಿ ಅರ್ಧ ದಿನವನ್ನು ಖಾಲಿ ಬಿಡಿ. ನೆಂಟರು ಬರಬಹುದು, ಜ್ವರ ಬರಬಹುದು. ಬಿಡುವೇ ಇಲ್ಲದ ಪಟ್ಟಿ ಮಂಗಳವಾರವೇ ಮುರಿದುಬೀಳುತ್ತದೆ.

ಕುಡಿದ ಕಾಫಿಯ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯ ನಂತರವೂ ದೇಹದಲ್ಲಿ ಉಳಿದಿರುತ್ತದೆ. ಸಂಜೆಯ ಮೇಲೆ ಕಾಫಿ ಬೇಡ. ಮಲಗುವ ಕೋಣೆಯಲ್ಲಿ ಮೊಬೈಲೂ ಬೇಡ. ಈ ನಿಯಮ ಮಕ್ಕಳಿಗೆ ಮಾತ್ರವಲ್ಲ. ಹಾಲ್‌ನಲ್ಲಿ ದೊಡ್ಡವರ ಟಿ.ವಿ. 11ರವರೆಗೆ ಗದ್ದಲ ಮಾಡುತ್ತಿದ್ದರೆ ಮಗು 10ಕ್ಕೆ ಮಲಗುವುದು ಹೇಗೆ? ಎಲ್ಲರಿಗಿಂತ ಕೊನೆಗೆ ಮಲಗಿ ಮೊದಲು ಏಳುವ ತಾಯಿಗೂ ಆ ಪಟ್ಟಿಯಲ್ಲಿ 7 ಗಂಟೆ ನಿದ್ದೆ ಇರಲಿ. ಅದಕ್ಕಾಗಿ ಮನೆಗೆಲಸವನ್ನು ಎಲ್ಲರೂ ಹಂಚಿಕೊಳ್ಳಬೇಕು.

ಇಷ್ಟೆಲ್ಲ ಪಾಲಿಸಿ ಮೂರು ವಾರ ಕಳೆದರೂ ಸುಸ್ತು, ತಲೆನೋವು, ಮರೆವು ಕಡಿಮೆಯಾಗದಿದ್ದರೆ "ಸೋಮಾರಿ" ಎಂದು ಬೈಯಬೇಡಿ, ವೈದ್ಯರಿಗೆ ತೋರಿಸಿ. ಮುಟ್ಟು ಆರಂಭವಾದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ತೀರಾ ಸಾಮಾನ್ಯ. ಅವರ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಚಿಕಿತ್ಸೆ ಬೇಕು. ಥೈರಾಯ್ಡ್ ತೊಂದರೆ, ರಾತ್ರಿಯ ಗೊರಕೆ, ದೃಷ್ಟಿದೋಷ, ಮನಸ್ಸಿನ ಖಿನ್ನತೆ ಇವೂ ಏಕಾಗ್ರತೆಯನ್ನು ಕೆಡಿಸುತ್ತವೆ. ಇವುಗಳನ್ನು ಪತ್ತೆ ಮಾಡಿದರೆ ಚಿಕಿತ್ಸೆಯಿದೆ. ಕಾಯಿಲೆಯಿಂದ ಬಳಲುತ್ತಿರುವ ಮಗುವಿಗೆ ಟೈಂಟೇಬಲ್ ಒಂದೇ ಸಾಲದು.