ಬೆಳೆಗಾರನ ತಿಳಿವಳಿಕೆಯೇ ಸರಕಿನ ಪ್ರಚಾರ

ತನ್ನ ಬೆಳೆಯನ್ನು ತಾನೇ ಹಸನುಮಾಡಿ ಮಾರತಕ್ಕ ರೈತನಿಗೆ ಪ್ರಚಾರಕಾರ್ಯಕ್ಕೆ ಬಿಡುವು ದೊರೆಯುವುದು ದುರ್ಲಭ. ಆದರೆ ಗಿರಾಕಿಗಳ ವಿಶ್ವಾಸವನ್ನು ಗಳಿಸಲು ಹೊಗಳಿಕೆಯ ಜಾಹೀರಾತಿಗಿಂತಲೂ ಉಪಯುಕ್ತವಾದ ತಿಳಿವಳಿಕೆಯೇ ಹೆಚ್ಚು ಸಹಕಾರಿಯಾಗುವುದು. ಅಮೆರಿಕದ ನೇಗಿಲು ತಯಾರಕರಾದ ಜಾನ್ ಡಿಯರ್ ಕಂಪೆನಿಯವರು 1895ರಲ್ಲಿ ‘ದಿ ಫರೋ’, ಅಂದರೆ ‘ನೇಗಿಲ ಸಾಲು’, ಎಂಬ ಪತ್ರಿಕೆಯನ್ನು ಆರಂಭಿಸಿ, ಬೇಸಾಯದ ವಿಷಯಗಳನ್ನು ರೈತರಿಗೆ ತಿಳಿಸುತ್ತ ಬಂದರು. ಅದು ಇಂದಿಗೂ ನಡೆಯುತ್ತಿರುವುದು.

ಸಣ್ಣ ವ್ಯಾಪಾರಿಗೆ ಅಷ್ಟು ವೆಚ್ಚದ ಅಗತ್ಯವಿಲ್ಲ. ಕೈಯಲ್ಲಿರುವ ಮೊಬೈಲೇ ಸಾಕು. ಉದಾಹರಣೆಗೆ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಮೆ. ಇದನ್ನರಿಯದ ಗಿರಾಕಿಯು ಖಾರ ಸಾಲದೆಂದು ಸರಕನ್ನೇ ದೂರುವನು. ಅರಿತವನು ಬಣ್ಣಕ್ಕಾಗಿಯೇ ಮರಳಿ ಬರುವನು.

ಅನುಸರಿಸತಕ್ಕ ಕ್ರಮ:

1. ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು, ಒಂದೇ ವಿಷಯವನ್ನು ನಾಲ್ಕಾರು ಸಾಲುಗಳಲ್ಲಿ ಬರೆದು, ಬೇಕೆಂದ ಗಿರಾಕಿಗಳಿಗೆ ಕಳುಹಿಸತಕ್ಕದ್ದು.

2. ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಲೆಕ್ಕದ ಪುಸ್ತಕದಲ್ಲಿಯೇ ಬರೆದಿಟ್ಟರೆ ವಿಷಯಗಳಿಗೆ ಕೊರತೆಯಿರದು.

3. ಕಾಯಿ ಒಣಗಿಸುವುದು, ತೊಟ್ಟು ಬಿಡಿಸುವುದು, ತೇವ ತಗಲದಂತೆ ಶೇಖರಿಸುವುದು ಮುಂತಾದ ಕೆಲಸಗಳು ನಡೆಯುವಾಗಲೇ ಚಿತ್ರ ತೆಗೆದಿಡಬೇಕು. ಇವು ಮುಂದಿನ ವರ್ಷಗಳಲ್ಲಿಯೂ ಉಪಯೋಗಕ್ಕೆ ಬರುವುವು.

4. ಸರಕಿನ ಕುಂದನ್ನು ಮರೆಮಾಚಕೂಡದು. ಬಣ್ಣಗೆಟ್ಟ ಕಾಯಿಯನ್ನು ಬೇರ್ಪಡಿಸಿ ಹಾಗೆಂದೇ ತಿಳಿಸಬೇಕು. ಬೂಜು ಹಿಡಿದದ್ದನ್ನು ಮಾರಲೇಕೂಡದು.

ದಿನಕ್ಕೊಂದರಂತೆ ಆರಂಭಿಸಿ ತಿಂಗಳೊಳಗೆ ನಿಲ್ಲಿಸುವುದಕ್ಕಿಂತ ವಾರಕ್ಕೊಂದರಂತೆ ವರ್ಷವಿಡೀ ನಡೆಸುವುದು ಮೇಲು. ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಮೊದಲು ತಾವು ಆಚರಿಸಿ, ನೆರೆಯ ಸಣ್ಣ ಹಿಡುವಳಿದಾರರಿಗೂ ತೋರಿಸಿಕೊಡುವುದು ಉಚಿತ.