ಓದಿದ ಮೇಲೆ ಉಳಿಯುವುದು: ಪುಸ್ತಕ, ಗೀತೆ ಮತ್ತು ಮಾಧ್ಯಮಗಳ ಆಯ್ಕೆಯಲ್ಲಿ ಆತ್ಮಿಕ ವಿವೇಚನೆ

ದೇವಾಲಯದ ಹಬ್ಬಕ್ಕೆ ಮುಂಚಿನ ನವದಿನ ಪ್ರಾರ್ಥನೆಯ ಸಂಜೆಗಳಲ್ಲಿ ಅಂಗಳದ ಒಂದು ಮೂಲೆಯಲ್ಲಿ ಮೇಜು ಹಾಕಿ, ಜಪಸರ, ಮೇಣದಬತ್ತಿ, ಸಂತರ ಚಿತ್ರಪಟಗಳ ಜೊತೆಗೆ ಪುಸ್ತಕಗಳನ್ನೂ ಮಾರಾಟಕ್ಕಿಡುವುದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ವಾಡಿಕೆ. ಅಲ್ಲಿಂದ ಒಂದು ಪುಸ್ತಕವನ್ನು ಹಿಡಿದು ಬಂದವರು “ಸ್ವಾಮಿ, ಇದನ್ನು ಓದಬಹುದೇ?” ಎಂದು ಕೇಳಿದಾಗ ಗುರುಗಳಾದ ನಮ್ಮ ಬಳಿ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳಿರುತ್ತವೆ. ಒಳಪುಟದಲ್ಲಿ ಧರ್ಮಾಧ್ಯಕ್ಷರ ಮುದ್ರಣಾನುಮತಿಯನ್ನು ಹುಡುಕಿ, ಅದು ಕಂಡರೆ ಓದಿ ಎನ್ನುವುದು ಒಂದು. ಯೇಸುವಿನ ಹೆಸರಿರುವ ಪುಸ್ತಕದಿಂದ ಯಾರಿಗೆ ಏನು ಕೆಡುಕಾದೀತು ಎಂದು ತಲೆಯಾಡಿಸುವುದು ಇನ್ನೊಂದು. ಎರಡನ್ನೂ ನಾನು ಹೇಳಿದ್ದೇನೆ. ಎರಡನೆಯದರಿಂದ ಒಬ್ಬ ತಾಯಿಗೆ ನೋವಾಯಿತು.

ಗುರುದೀಕ್ಷೆಯಾಗಿ ಮೂರನೆಯ ವರ್ಷ. ನಾನಾಗ ಸಹಾಯಕ ಗುರು. ಅಪಘಾತದಲ್ಲಿ ಹದಿಹರೆಯದ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಪ್ರತಿದಿನವೂ ಬಲಿಪೂಜೆಯ ನಂತರ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು. ಅವರಿಗೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳನ್ನು ಕುರಿತು ದರ್ಶನ ಕಂಡವರೊಬ್ಬರದೆನ್ನಲಾದ ಪುಟ್ಟ ಪುಸ್ತಕವೊಂದು ಯಾರೋ ಕೊಟ್ಟದ್ದು ನನ್ನ ಮೇಜಿನ ಮೇಲಿತ್ತು. ಹತ್ತು ಪುಟ ತಿರುವಿ ನೋಡಿ ಅದನ್ನೇ ಅವರ ಕೈಗಿತ್ತೆ. ನಾಲ್ಕು ತಿಂಗಳ ನಂತರ ಅವರು ಪರಮಪ್ರಸಾದ ಸ್ವೀಕರಿಸುವುದನ್ನು ನಿಲ್ಲಿಸಿರುವುದು ಗಮನಕ್ಕೆ ಬಂದು ವಿಚಾರಿಸಿದೆ. ಆ ಪುಸ್ತಕದಲ್ಲಿ ವಿಧಿಸಿದ್ದ ಜಪವನ್ನು ಅವರು ದಿನವೂ ರಾತ್ರಿ ಮೂರು ಗಂಟೆಗೆ ಎದ್ದು, ಲೆಕ್ಕ ತಪ್ಪದಂತೆ ಹೇಳುತ್ತಿದ್ದರಂತೆ. “ಮೊನ್ನೆ ಮಲಗಿಬಿಟ್ಟೆ ಸ್ವಾಮಿ. ಅಲ್ಲಿ ಅವನಿಗೆ ಏನಾಯಿತೋ” ಎಂದರು. ಅಂಥ ತಾಯಿಗೆ ಪ್ರಸಾದ ಸ್ವೀಕರಿಸುವ ಯೋಗ್ಯತೆ ಎಲ್ಲಿಯದು ಎಂಬುದು ಅವರ ಮಾತು.

ಆ ಪುಸ್ತಕವನ್ನು ಮರಳಿ ಪಡೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ನಾನು ನಿರೀಕ್ಷಿಸಿದ್ದ ಪಾಷಂಡ ಮತ ಅದರಲ್ಲಿ ಸಿಗಲಿಲ್ಲ. ಶುದ್ಧೀಕರಣ ಸ್ಥಳ ಧರ್ಮಸಭೆಯ ಬೋಧನೆಯೇ. ಮೃತರಿಗಾಗಿ ಪ್ರಾರ್ಥಿಸುವುದು ಮಕ್ಕಬಿಯರ ಎರಡನೆಯ ಗ್ರಂಥದಷ್ಟು ಹಳೆಯದು. ದೈವಶಾಸ್ತ್ರದ ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ ಆ ಪುಟಗಳನ್ನು ಬರೆದುಕೊಟ್ಟಿದ್ದರೆ ನಾನು ಕೆಲವೆಡೆ ಕೆಂಪು ಗೆರೆ ಎಳೆದು ಉತ್ತೀರ್ಣನನ್ನಾಗಿ ಮಾಡುತ್ತಿದ್ದೆನೇನೋ. ಆದರೂ ಆ ಪುಸ್ತಕ ಒಬ್ಬ ತಾಯಿಯನ್ನು ಕರುಣಾಳು ತಂದೆಯಿಂದ ದೂರ ಮಾಡಿತ್ತು. ಸಿದ್ಧಾಂತದ ತಪ್ಪು ಹುಡುಕುವ ಕಣ್ಣೊಂದೇ ವಿವೇಚನೆಗೆ ಸಾಲದು ಎಂಬುದು ನನಗೆ ಅಲ್ಲಿ ಅರಿವಾಯಿತು.

ಆ ಕಣ್ಣು ಬೇಡವೆಂದು ಇದರ ಅರ್ಥವಲ್ಲ. ಪುಸ್ತಕದ ಮೊದಲ ಪುಟದಲ್ಲಿ, ಇಂಥ ಅನೇಕ ಪುಸ್ತಕಗಳಲ್ಲಿ ಇರುವಂತೆ, 1966ರ ಆಜ್ಞೆಯ ಪ್ರಕಾರ ಖಾಸಗಿ ದೈವಪ್ರಕಟಣೆಗಳನ್ನು ಅಚ್ಚು ಮಾಡಲು ಅನುಮತಿ ಬೇಕಿಲ್ಲ ಎಂಬ ಸಾಲು ಇತ್ತು. ಗುರುಅಭ್ಯರ್ಥಿಗಳು ಈ ಸಾಲಿನ ಹಿನ್ನೆಲೆಯನ್ನು ಬಲ್ಲವರಾಗಿರಬೇಕು. ಜಗದ್ಗುರು ನಾಲ್ಕನೆಯ ಪೌಲರು 1559ರಲ್ಲಿ ಹೊರಡಿಸಿದ ಪಟ್ಟಿಯಿಂದ ಮೊದಲ್ಗೊಂಡು ಬೆಳೆದುಬಂದ ನಿಷಿದ್ಧ ಗ್ರಂಥಗಳ ಸೂಚಿ 1966ರ ಜೂನ್ 14ರ ಪ್ರಕಟಣೆಯೊಂದಿಗೆ ಕಾನೂನಿನ ಬಲವನ್ನು ಕಳೆದುಕೊಂಡಿತು. ಅದರ ನೈತಿಕ ಬಲ ಉಳಿದಿದೆಯೆಂದು ಅದೇ ಪ್ರಕಟಣೆ ಸ್ಪಷ್ಟಪಡಿಸಿತು. ಅದೇ ವರ್ಷದ ಕೊನೆಯಲ್ಲಿ ಬಂದ ಇನ್ನೊಂದು ಆಜ್ಞೆ 1917ರ ಸಂಹಿತೆಯ 1399 ಮತ್ತು 2318ನೆಯ ಕ್ಯಾನನ್‌ಗಳನ್ನು ರದ್ದುಗೊಳಿಸಿತು. ಪ್ರಕಾಶಕರು ಅಲ್ಲಿಗೆ ನಿಲ್ಲುತ್ತಾರೆ. ಈಗ ಜಾರಿಯಲ್ಲಿರುವುದು 1983ರ ಸಂಹಿತೆ. ಅದರ 826ನೆಯ ಕ್ಯಾನನ್ನಿನಂತೆ ಸಾರ್ವಜನಿಕ ಅಥವಾ ಖಾಸಗಿ ಬಳಕೆಯ ಪ್ರಾರ್ಥನಾ ಪುಸ್ತಕಗಳಿಗೆ ಸ್ಥಳೀಯ ಧರ್ಮಾಧಿಕಾರಿಯ ಅನುಮತಿ ಬೇಕು. 827ನೆಯ ಕ್ಯಾನನ್ನಿನ ನಾಲ್ಕನೆಯ ಭಾಗದಂತೆ, ಧರ್ಮ ಅಥವಾ ನೈತಿಕತೆಯ ವಿಷಯವುಳ್ಳ ಪುಸ್ತಕಗಳನ್ನು ಅಂಥ ಅನುಮತಿಯಾಗಲಿ ನಂತರದ ಒಪ್ಪಿಗೆಯಾಗಲಿ ಇಲ್ಲದೆ ದೇವಾಲಯಗಳಲ್ಲಿ ಇಡುವಂತಿಲ್ಲ, ಮಾರುವಂತಿಲ್ಲ, ಹಂಚುವಂತಿಲ್ಲ. ನಮ್ಮ ಹಬ್ಬದ ಮೇಜುಗಳನ್ನು ಈ ಕ್ಯಾನನ್ ಹಿಡಿದು ನೋಡಿದರೆ ಎಷ್ಟು ಪುಸ್ತಕಗಳು ಉಳಿದಾವು ಎಂದು ಯೋಚಿಸಿ ನಾನು ಒಮ್ಮೊಮ್ಮೆ ನಾಚುತ್ತೇನೆ.

ಮುದ್ರಣಾನುಮತಿ ಇದ್ದರೂ ಅದು ಹೇಳುವುದು ಇಷ್ಟೇ: ವಿಶ್ವಾಸಕ್ಕೆ, ನೈತಿಕತೆಗೆ ವಿರುದ್ಧವಾದುದು ಇದರಲ್ಲಿಲ್ಲ. ಪುಸ್ತಕ ಒಳ್ಳೆಯದೆಂದು ಅದು ಹೇಳುವುದಿಲ್ಲ. ಈ ಹೊತ್ತಿನಲ್ಲಿ ಈ ವ್ಯಕ್ತಿಗೆ ಹಿತವೆಂದು ಖಂಡಿತ ಹೇಳುವುದಿಲ್ಲ.

ಧರ್ಮಸಭೆ ಇಂಥ ಬರಹಗಳ ಬಗ್ಗೆ ಹೇಗೆ ತೀರ್ಪಿಗೆ ಬರುತ್ತದೆ ಎಂಬುದನ್ನು ತಿಳಿಯಲು 1959ರ ಎರಡು ಪ್ರಕರಣಗಳನ್ನು ನಾನು ತರಗತಿಯಲ್ಲಿ ಅಕ್ಕಪಕ್ಕದಲ್ಲಿಟ್ಟು ಕಲಿಸುತ್ತೇನೆ. ಆ ವರ್ಷದ ಮಾರ್ಚ್‌ನಲ್ಲಿ ರೋಮಿನ ಪವಿತ್ರ ಕಾರ್ಯಾಲಯವು ಪೋಲೆಂಡಿನ ಸಿಸ್ಟರ್ ಫೌಸ್ಟಿನಾ ಸೂಚಿಸಿದ ರೀತಿಯ ದೈವಕರುಣೆಯ ಭಕ್ತಿಯನ್ನು ಸಾರುವ ಚಿತ್ರಗಳನ್ನೂ ಬರಹಗಳನ್ನೂ ಹರಡಬಾರದೆಂದು ಸೂಚಿಸಿತು. ಅದೇ ಡಿಸೆಂಬರಿನಲ್ಲಿ, ಇಟಲಿಯ ಮರಿಯಾ ವಾಲ್ತೋರ್ತಾ ಬರೆದ ‘ದೇವಮಾನವನ ಕಾವ್ಯ’ವನ್ನು ನಿಷಿದ್ಧ ಗ್ರಂಥಗಳ ಸೂಚಿಗೆ ಸೇರಿಸುವ ಆಜ್ಞೆಯಾಯಿತು. ಮುಂದೆ ಎರಡರ ದಾರಿಗಳೂ ಬೇರೆಯಾದವು. ಕ್ರಾಕೋವ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಕರೋಲ್ ವೊಯ್ತಿವಾ 1965ರಲ್ಲಿ ಫೌಸ್ಟಿನಾರ ಬದುಕು ಬರಹಗಳ ವಿಚಾರಣೆಯನ್ನು ಆರಂಭಿಸಿದರು. ದೈವಶಾಸ್ತ್ರಜ್ಞರು ದಿನಚರಿಯನ್ನು ಮೂಲದಲ್ಲಿ ಪರಿಶೀಲಿಸಿದರು. 1959ರಲ್ಲಿ ಲಭ್ಯವಿರದ ಮೂಲ ದಾಖಲೆಗಳನ್ನೂ ಪೋಲೆಂಡಿನ ಧರ್ಮಾಧ್ಯಕ್ಷರ ಅಭಿಪ್ರಾಯವನ್ನೂ ಗಮನಿಸಿ 1978ರ ಏಪ್ರಿಲ್ 15ರಂದು ರೋಮ್ ತನ್ನ ನಿಷೇಧವನ್ನು ಹಿಂತೆಗೆದುಕೊಂಡಿತು. ವೊಯ್ತಿವಾ ಜಗದ್ಗುರುವಾಗಿ ಆಯ್ಕೆಯಾದದ್ದು ಅದಾಗಿ ಆರು ತಿಂಗಳ ಮೇಲೆ ಎಂಬುದನ್ನು ಮರೆಯಬಾರದು. 2000ದ ಏಪ್ರಿಲ್ 30ರಂದು ಫೌಸ್ಟಿನಾ ಸಂತರಾದರು. ವಾಲ್ತೋರ್ತಾರ ಕೃತಿಗೆ ಅಂಥ ತಿರುವು ಒದಗಲಿಲ್ಲ. ಆ ದರ್ಶನಗಳನ್ನು ದೈವಮೂಲದವೆಂದು ಭಾವಿಸಲಾಗದು ಎಂಬುದನ್ನು ರೋಮ್ 2025ರಲ್ಲಿಯೂ ಪುನರುಚ್ಚರಿಸಿತು.

ಇಲ್ಲಿ ನನ್ನನ್ನು ಸೆಳೆಯುವುದು ಕಾಯುವ ಶಕ್ತಿ. ಫೌಸ್ಟಿನಾರ ಭಕ್ತರಲ್ಲಿ ಅನೇಕರು ಹತ್ತೊಂಬತ್ತು ವರ್ಷ ವಿಧೇಯರಾಗಿ ಕಾದರು. ದೇವರಿಂದ ಬಂದದ್ದು ಕಾಯುವುದರಿಂದ ಸಾಯುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಈ ಸಂದೇಶವನ್ನು ಇಂದೇ ಹತ್ತು ಜನರಿಗೆ ಕಳುಹಿಸಿ, ಧರ್ಮಾಧ್ಯಕ್ಷರು ಸತ್ಯವನ್ನು ಮುಚ್ಚಿಡುತ್ತಿದ್ದಾರೆ ಎಂದು ಅವಸರಪಡಿಸುವ ಬರಹದಲ್ಲಿ ಆ ಅವಸರವೇ ಒಂದು ಕುರುಹು.

ಇನ್ನು ಒಳಗಿನ ಪರೀಕ್ಷೆ. ಅದನ್ನು ನಮಗೆ ಕಲಿಸಿದ ಲೊಯೋಲಾದ ಸಂತ ಇಗ್ನೇಷಿಯಸರು ಅದನ್ನು ಕಲಿತದ್ದೇ ಪುಸ್ತಕಗಳಿಂದ. 1521ರಲ್ಲಿ ಪಾಂಪ್ಲೋನಾದಲ್ಲಿ ಕಾಲಿಗೆ ಗುಂಡು ತಗುಲಿ ಮನೆಯಲ್ಲಿ ಮಲಗಿದ್ದಾಗ ಅವರು ಕೇಳಿದ್ದು ವೀರಯೋಧರ ಕಥೆಗಳನ್ನು. ಮನೆಯಲ್ಲಿ ಸಿಕ್ಕಿದ್ದು ಸ್ಯಾಕ್ಸನಿಯ ಲುಡಾಲ್ಫ್ ಬರೆದ ಕ್ರಿಸ್ತಚರಿತ್ರೆ ಮತ್ತು ಸಂತರ ಕಥೆಗಳ ಸಂಗ್ರಹ. ಆ ಸಂಗ್ರಹದಲ್ಲಿ ಇತಿಹಾಸಕಾರರು ಒಪ್ಪದ ದಂತಕಥೆಗಳು ಬೇಕಾದಷ್ಟಿದ್ದವೆಂಬುದು ಬೇರೆ ಮಾತು. ಲೌಕಿಕ ವೈಭವದ ಕನಸುಗಳೂ ಅವರಿಗೆ ಇಷ್ಟವೇ, ಸಂತರಂತೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗುವ ಕನಸೂ ಇಷ್ಟವೇ. ಕನಸು ಮುಗಿದ ಮೇಲೆ ಮೊದಲಿನದು ಮನಸ್ಸನ್ನು ಬರಡು ಮಾಡುತ್ತಿತ್ತು, ಎರಡನೆಯದು ಸಂತೋಷವನ್ನು ಉಳಿಸುತ್ತಿತ್ತು. ಓದುವಾಗ ಆದ ಹಿತವನ್ನಲ್ಲ, ಪುಸ್ತಕ ಮಡಚಿಟ್ಟ ಮೇಲೆ ಉಳಿದುದನ್ನು ಅವರು ಗಮನಿಸಿದರು. ಮುಂದೆ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯ ನಿಯಮಗಳಲ್ಲಿ ಇದನ್ನು ಇನ್ನೂ ಸೂಕ್ಷ್ಮಗೊಳಿಸಿ, ಆಲೋಚನೆಯ ಆದಿ, ಮಧ್ಯ, ಅಂತ್ಯ ಮೂರನ್ನೂ ನೋಡಬೇಕೆಂದರು. ಪವಿತ್ರವಾಗಿ ಆರಂಭವಾಗಿ ಕಳವಳದಲ್ಲಿ, ಇದ್ದ ಶಾಂತಿಯೂ ಹೋಗುವಲ್ಲಿ ಕೊನೆಗೊಂಡರೆ ಅದು ಒಳ್ಳೆಯ ಆತ್ಮದ ಕೆಲಸವಲ್ಲ. ಆ ತಾಯಿಯ ಓದು ಮಗನ ಮೇಲಿನ ಪ್ರೀತಿಯಿಂದ ಆರಂಭವಾಗಿತ್ತು. ಜಪದ ಎಣಿಕೆಯಲ್ಲಿ ಸಾಗಿ, ಪ್ರಸಾದದಿಂದ ದೂರವಾಗುವಲ್ಲಿ ಮುಗಿದಿತ್ತು. ನಾನು ಆ ಅಂತ್ಯವನ್ನು ನೋಡಲು ನಾಲ್ಕು ತಿಂಗಳು ತೆಗೆದುಕೊಂಡೆ.

ಗೀತೆಗಳ ವಿಷಯ ಇನ್ನೂ ನವಿರಾದದ್ದು. ಮಿಲಾನಿನ ದೇವಾಲಯದ ಹಾಡು ಕೇಳಿ ಕಣ್ಣೀರಿಟ್ಟಿದ್ದ ಸಂತ ಅಗಸ್ಟೀನರೇ, ಹಾಡಿನ ಅರ್ಥಕ್ಕಿಂತ ರಾಗವೇ ತಮ್ಮನ್ನು ಹೆಚ್ಚಾಗಿ ಕಲಕಿದಾಗ ಅದನ್ನು ತಮ್ಮ ತಪ್ಪೆಂದು ನಿವೇದಿಸಿಕೊಂಡರು. ಆದರೂ ಸಭೆಯಲ್ಲಿ ಹಾಡು ಇರಲಿ ಎಂಬ ಕಡೆಗೇ ವಾಲಿದರು. ಗೀತೆ ಯಾರಿಂದ ಬಂತೆಂಬುದು ನನ್ನ ಮೊದಲ ಪ್ರಶ್ನೆಯಲ್ಲ. ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಪದ್ಯದಲ್ಲಿ ‘ಕಥಾಮಾಲೆ’ಯಾಗಿ ಹೆಣೆದರು, ಅವರು ಬಾಸೆಲ್ ಮಿಷನ್ನಿನವರೆಂದು ಕನ್ನಡ ಕ್ರೈಸ್ತರು ಆ ಶ್ರಮವನ್ನು ಬದಿಗಿಡಲಾದೀತೇ? ಪ್ರಶ್ನೆ ಇರುವುದು ಪದಗಳಲ್ಲಿ ಮತ್ತು ಸ್ಥಾನದಲ್ಲಿ. ದೈವಾರಾಧನೆಯ ಗೀತೆಗಳ ಸಾಹಿತ್ಯ ಬೋಧನೆಗೆ ಅನುಗುಣವಾಗಿರಬೇಕು, ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನಾ ಮೂಲಗಳಿಂದಲೂ ಬರಬೇಕು ಎಂಬುದು 1963ರ ಆರಾಧನಾ ಸಂವಿಧಾನದ 121ನೆಯ ಪರಿಚ್ಛೇದದ ಬೇಡಿಕೆ. ಕ್ರೈಸ್ತ ಸಭೆ ಒಂದೇ ರೊಟ್ಟಿಯಲ್ಲಿ ಪಾಲುಗೊಂಡ ಕ್ಷಣದಲ್ಲಿ ನಾನು, ನನ್ನ ಗೆಲುವು, ನನ್ನ ಆಶೀರ್ವಾದ ಎಂದಷ್ಟೇ ಹಾಡುವ ಗೀತೆ ಮನೆಯಲ್ಲಿ ಸಹ್ಯವಾದರೂ ಅಲ್ಲಿ ಹೊಂದುವುದಿಲ್ಲ. ಕೀರ್ತನೆಗಳಲ್ಲೂ ‘ನಾನು’ ಇದೆಯಲ್ಲ ಎಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ಇದೆ, ಆದರೆ ಆ ‘ನಾನು’ ಅಳುತ್ತದೆ. ನೂರೈವತ್ತು ಕೀರ್ತನೆಗಳಲ್ಲಿ ಹೆಚ್ಚಿನ ಸಂಖ್ಯೆಯವು ಪ್ರಲಾಪಗಳು. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ನಮ್ಮ ಇತ್ತೀಚಿನ ಗೀತೆಗಳಲ್ಲಿ ಅಳು ಅಪರೂಪ. ಆ ಹುಡುಗನ ಅಂತ್ಯಕ್ರಿಯೆಯಂದು ನಮ್ಮ ಗಾನವೃಂದದ ಬಳಿ ಹಾಡಲು ಜಯಗೀತೆಗಳಷ್ಟೇ ಇದ್ದವು.

ಮೊಬೈಲಿನ ಪರದೆಗೆ ಒಳಪುಟವೂ ಇಲ್ಲ, ಮಡಚಿಡುವ ಕ್ಷಣವೂ ಇಲ್ಲ. ಒಂದು ಪ್ರವಚನ ಮುಗಿಯುವ ಮೊದಲೇ ಯಂತ್ರ ಇನ್ನೊಂದನ್ನು ಆಯ್ದಿರುತ್ತದೆ. ಆದ್ದರಿಂದ ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ರಾತ್ರಿಯ ಆತ್ಮಶೋಧನೆಯಲ್ಲಿ ಅಂದು ನೋಡಿದ ವಿಡಿಯೋಗಳ ಪಟ್ಟಿಯನ್ನು ತೆರೆದಿಡಿ, ಪ್ರತಿಯೊಂದರ ನಂತರ ನಿಮ್ಮಲ್ಲಿ ಉಳಿದದ್ದು ಪ್ರಾರ್ಥಿಸುವ ಮನಸ್ಸೋ, ಯಾರ ಮೇಲಾದರೂ ಸಿಟ್ಟೋ ಎಂದು ಕೇಳಿಕೊಳ್ಳಿ. ಜಗದ್ಗುರುವನ್ನು ನಿಂದಿಸುವ ನಿಲುವಂಗಿಧಾರಿಗಳ ವಿಡಿಯೋಗಳ ಬಗ್ಗೆ ನನಗೆ ಬೇರೆ ಉಪನ್ಯಾಸ ಬೇಕಾಗಿ ಬಂದಿಲ್ಲ. ನಾನೂ ಈ ಪಟ್ಟಿ ತೆರೆಯುತ್ತೇನೆ. ಎಲ್ಲ ರಾತ್ರಿಗಳಲ್ಲೂ ಹಿತವೆನಿಸುವುದಿಲ್ಲ.

ಆ ತಾಯಿಗೆ ಪುಸ್ತಕದ ಬದಲು ಬೇರೆ ಪುಸ್ತಕ ಕೊಡಲಿಲ್ಲ. ಕೊಟ್ಟದ್ದು ನನ್ನ ತಪ್ಪೆಂದು ಹೇಳಿದೆ. ಮಗನ ಹೆಸರಿನಲ್ಲಿ ಅವರೆದುರೇ ಬಲಿಪೂಜೆ ಅರ್ಪಿಸಿದೆ. ನಿದ್ರೆಯೂ ದೇವರ ವರವೆಂದು 127ನೆಯ ಕೀರ್ತನೆ ಹೇಳುತ್ತದೆ, ರಾತ್ರಿ ಮಲಗಿ ಅಮ್ಮ ಎಂದೆ. ಮೂರನೆಯ ಭಾನುವಾರ ಅವರು ಪ್ರಸಾದದ ಸಾಲಿನಲ್ಲಿ ಬಂದು ನಿಂತರು.