ಟ್ರಾನ್ಸ್ ರೋಗಿ, ಇಸಿಜಿ ಕೋಣೆ ಮತ್ತು ನಾವು ಬರೆಯೋ ಸಾಫ್ಟ್‌ವೇರ್

ಇಸಿಜಿಗೆ ಎದೆಯ ಮೇಲೆ ಆರು, ಕೈಕಾಲಿಗೆ ನಾಲ್ಕು ಎಲೆಕ್ಟ್ರೋಡ್ ಅಂತ ನಮ್ಮಲ್ಲಿ ಹಲವರು ಓದಿದ್ದೇವೆ. ಅದಕ್ಕೆ ಎದೆ ತೆರೆಯಬೇಕು ಅನ್ನೋದನ್ನ ಮಾತ್ರ ಯೋಚಿಸೋದೇ ಇಲ್ಲ. ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡು, ಈಗ ಎದೆಯನ್ನು ಬಿಗಿಯಾಗಿ ಕಟ್ಟಿಕೊಂಡು ಗಂಡಸಾಗಿ ಬದುಕುತ್ತಿರುವ ಟ್ರಾನ್ಸ್ ಪುರುಷನಿಗೆ ಆ ಐದು ನಿಮಿಷ ಹೇಗಿರುತ್ತೆ? ಅದಕ್ಕೂ ಮೊದಲು ಓಪಿಡಿ ಸಾಲಿನಲ್ಲಿ ಎಲ್ಲರೆದುರು ಹಳೆಯ ಹೆಸರು ಕೂಗಿರುತ್ತಾರೆ. ಇದಕ್ಕೇ ಹೆದರಿ, ನೋವಿದ್ದರೂ ಆಸ್ಪತ್ರೆಗೆ ಹೋಗದವರಿದ್ದಾರೆ.

ಏನು ಮಾಡ್ತೀವಿ, ಯಾಕೆ ಅಂತ ಮೊದಲೇ ಹೇಳಬೇಕು. ಪರೀಕ್ಷೆ ಯಾರು ಮಾಡಲಿ, ಜೊತೆಗೆ ಯಾರಿರಲಿ ಅಂತ ಅವರನ್ನೇ ಕೇಳಬೇಕು. ಬೇಕಾದಷ್ಟೇ ಭಾಗ ತೆರೆದು ಉಳಿದದ್ದಕ್ಕೆ ಹೊದಿಸಬೇಕು. ಜ್ವರಕ್ಕೆ ಬಂದವರನ್ನು 'ಆಪರೇಷನ್ ಆಗಿದೆಯಾ?' ಅಂತ ಕೇಳೋದು ಯಾಕೆ ಹೇಳಿ!

ನಮ್ಮ ಪಾಲಿನ ಕೆಲಸ ಇರೋದು ನೋಂದಣಿಯ ಸಾಫ್ಟ್‌ವೇರ್‌ನಲ್ಲಿ. 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು. ಆದರೆ ಫಾರಂನಲ್ಲಿ 'ಇತರೆ' ಅಂತ ಸೇರಿಸಿದರೆ ಮುಗಿಯಲ್ಲ. ಟ್ರಾನ್ಸ್ ಪುರುಷನಿಗೆ ಗರ್ಭಕಂಠ ಇದ್ದರೆ ಅದರ ಕ್ಯಾನ್ಸರ್ ತಪಾಸಣೆ ಬೇಕು. ಟ್ರಾನ್ಸ್ ಮಹಿಳೆಗೆ ಶಸ್ತ್ರಚಿಕಿತ್ಸೆಯ ನಂತರವೂ ಸಾಮಾನ್ಯವಾಗಿ ಪ್ರಾಸ್ಟೇಟ್ ಉಳಿದಿರುತ್ತೆ. 'ಪುರುಷ' ಅಂತಿದ್ದರೆ ಗರ್ಭಕಂಠದ ಪರೀಕ್ಷೆ ಬುಕ್ ಆಗದ ಹಾಗೆ ಒಂದು ಇಫ್ ಕಂಡೀಷನ್ ಹಾಕಿಬಿಡೋದು ನಮ್ಮಂಥವರೇ. ಕರೆಯುವ ಹೆಸರು, ಲಿಂಗತ್ವ, ದೇಹದಲ್ಲಿರುವ ಅಂಗಗಳು ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ. ಕೊನೆಯದು ಚಿಕಿತ್ಸೆ ಕೊಡುವವರಿಗಷ್ಟೇ ಕಾಣಲಿ, ಕೌಂಟರಿನಲ್ಲಿ ಕೂಗೋಕೆ ಮೊದಲನೆಯದು ಸಾಕು.